ಸ್ವಿಚ್‌ಗೆ ಬಂದ ಆಟ, ಸ್ವಿಚ್‌ಗೆಂದೇ ಹುಟ್ಟಿದ ಆಟ

2017ರಲ್ಲಿ ಬಂದ ನಿಂಟೆಂಡೊ ಸ್ವಿಚ್ ಟಿವಿಗೂ ಸೈ, ಕೈಗೂ ಸೈ. ಇದರ ಆಟಗಳಲ್ಲಿ ಎರಡು ಬಗೆ: ಬೇರೆ ಯಂತ್ರಗಳಿಂದ ತಂದ ‘ಪೋರ್ಟ್’ಗಳು ಮತ್ತು ಇದಕ್ಕೆಂದೇ ಮಾಡಿದವು.

2015ರ ‘ದಿ ವಿಚರ್ 3’ ಆಟವನ್ನು 2019ರಲ್ಲಿ ಎರಡೂ ವಿಸ್ತರಣೆಗಳ ಸಮೇತ 32 ಜಿಬಿ ಕಾರ್ಟ್ರಿಜ್‌ನಲ್ಲಿ ಹಿಡಿಸಿದರು. ತೆತ್ತ ಬೆಲೆ ಚಿತ್ರದ ಸ್ಪಷ್ಟತೆ: ಕೈಯಲ್ಲಿ ಹಿಡಿದು ಆಡುವಾಗ ಸುಮಾರು 540ಪಿ. ‘ಸೂಪರ್ ಮಾರಿಯೋ ಒಡಿಸ್ಸಿ’ ಯಂತ್ರದ ಮಿತಿ ಅರಿತೇ ಕಟ್ಟಿದ್ದು. ಅಲ್ಲಿ ಈ ಮಸುಕು ಕಾಡದು.

ಹಾಗೆಂದು ಪೋರ್ಟ್ ಎಂದೊಡನೆ ಮೂಗು ಮುರಿಯಬೇಡಿ. ಸ್ವಿಚ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ‘ಮಾರಿಯೋ ಕಾರ್ಟ್ 8 ಡಿಲಕ್ಸ್’ ಕೂಡ 2014ರ ವೀ ಯು ಆಟದ ಪೋರ್ಟೇ.

ಟಿವಿ ಮುಂದೆ ಕೂರಲು ಬಿಡುವಿದ್ದವರು ‘ವಿಚರ್’ ಅನ್ನು ಪಿಸಿಯಲ್ಲೇ ಆಡಲಿ. ಬಿಡುವೆಲ್ಲ ಲೋಕಲ್, ಮೆಟ್ರೋಗಳಲ್ಲೇ ಕರಗುವ ನಮ್ಮಂಥವರಿಗೆ ಮಸುಕಾದರೂ ಪೋರ್ಟೇ ಗತಿ. ಆಟ ಮುಗಿಯುವುದಾದರೆ ಅಲ್ಲೇ.