ಬಸುರಿಯ ಟೆನ್ಷನ್‌ಗೂ ಮಗುವಿನ ಉಬ್ಬಸಕ್ಕೂ ನಂಟಿದೆಯಾ?

'ಬಸುರಿ ಹೆಂಗಸು ಜಾಸ್ತಿ ಯೋಚನೆ ಮಾಡಬಾರದಮ್ಮ' ಅಂತ ಅಜ್ಜಿಯಂದಿರು ಹೇಳೋದನ್ನ ನಾವೆಲ್ಲ ಕೇಳಿದ್ದೀವಿ. ಆ ಯೋಚನೆಗೂ ಹುಟ್ಟುವ ಮಗುವಿನ ಉಸಿರಾಟಕ್ಕೂ ಸಂಬಂಧ ಇರಬಹುದಾ?

ಪರೀಕ್ಷೆ ಮಾಡಿ ನೋಡೋದು ಕಷ್ಟ. ಗರ್ಭಿಣಿಯರಿಗೆ ಬೇಕಂತಲೇ ಸಂಕಟ ಕೊಡೋಕೆ ಆಗಲ್ಲವಲ್ಲ! ಆದರೆ 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಪ್ರಕೃತಿಯೇ ಆ ಕೆಲಸ ಮಾಡಿಬಿಟ್ಟಿತು. ಸುರಿದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ, ಅದರ ಭಾರಕ್ಕೆ ದೊಡ್ಡ ದೊಡ್ಡ ವಿದ್ಯುತ್ ಗೋಪುರಗಳೇ ಮಡಚಿ ಬಿದ್ದವು. ಕೊರೆಯುವ ಚಳಿಯಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟಿಲ್ಲ, ಕೆಲವರಿಗಂತೂ ವಾರಗಟ್ಟಲೆ. ಆಗ ಬಸುರಿಯಾಗಿದ್ದವರನ್ನೂ, ಸ್ವಲ್ಪ ದಿನದ ನಂತರ ಬಸುರಿಯಾದವರನ್ನೂ ಸುಝಾನ್ ಕಿಂಗ್ ಅವರ ಸಂಶೋಧಕರ ತಂಡ ಹುಡುಕಿ ವಿಚಾರಿಸಿತು. ಅವರ ಮಕ್ಕಳನ್ನ ವರ್ಷಾನುಗಟ್ಟಲೆ ಗಮನಿಸಿತು.

2014ರಲ್ಲಿ ಬಂದ ಫಲಿತಾಂಶ ಕೇಳಿ. ಆ ಮಕ್ಕಳಿಗೆ ಸುಮಾರು ಹನ್ನೆರಡು ವರ್ಷವಾಗುವ ಹೊತ್ತಿಗೆ, ಮನಸ್ಸಿಗೆ ಹೆಚ್ಚು ಹಚ್ಚಿಕೊಂಡಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಉಬ್ಬಸ, ಆಸ್ತಮಾ ಜಾಸ್ತಿ ಕಂಡಿತ್ತು. ಗಂಡುಮಕ್ಕಳಲ್ಲಿ ಹಾಗಿರಲಿಲ್ಲ.

ಒಳಗೆ ಏನಾಗುತ್ತೆ? ಆತಂಕವಾದಾಗ ನಮ್ಮ ದೇಹ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಸುರಿಸುತ್ತೆ. ಗರ್ಭದಲ್ಲಿರೋ ಮಾಸು, ಅಂದ್ರೆ ಪ್ಲಾಸೆಂಟಾ, ಅದರಲ್ಲಿ ಹೆಚ್ಚಿನ ಪಾಲನ್ನ ಮಗುವಿಗೆ ತಲುಪೋ ಮೊದಲೇ ನಿಷ್ಕ್ರಿಯ ಮಾಡುತ್ತೆ. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಈ ಕಾವಲು ಸಡಿಲವಾಗಬಹುದು, ಆಗಷ್ಟೇ ರೂಪುಗೊಳ್ಳುತ್ತಿರೋ ಶ್ವಾಸಕೋಶ ಮತ್ತು ರೋಗನಿರೋಧಕ ವ್ಯವಸ್ಥೆ ಮೇಲೆ ಪರಿಣಾಮ ಆಗಬಹುದು ಅನ್ನೋದು ವಿಜ್ಞಾನಿಗಳ ಊಹೆ. ಊಹೆ ಅಂತಲೇ ಹೇಳ್ತಿದ್ದೀನಿ, ಗಮನಿಸಿ. ಅಧ್ಯಯನದಲ್ಲಿದ್ದ ಮಕ್ಕಳ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ. ಬೀಡಿ, ಸಿಗರೇಟು, ಸೌದೆ ಒಲೆ ಹೊಗೆ, ಅವಧಿಗೆ ಮುಂಚೆ ಹೆರಿಗೆ, ಮನೆತನದಲ್ಲೇ ಇರೋ ಆಸ್ತಮಾ, ಇವೆಲ್ಲ ಬೇರೆ ಇವೆ.

ಇನ್ನೊಂದು ಮಾತು. ಮಗುವಿನ ಎದೆ ಗುಯ್‌ಗುಟ್ಟಿದ ತಕ್ಷಣ 'ನೀನು ಆವಾಗ ಅತ್ತೂ ಅತ್ತೂ ಹೀಗಾಯ್ತು' ಅಂತ ಸೊಸೆ ಕಡೆ ತಿರುಗೋರು ಇದ್ದಾರೆ. ಕ್ವಿಬೆಕ್‌ನ ಆ ತಾಯಂದಿರೇನು ಮಂಜಿನ ಬಿರುಗಾಳಿಯನ್ನ ಕರೆದಿದ್ರಾ? ನಮ್ಮಲ್ಲೂ ಬಸುರಿಗೆ ಟೆನ್ಷನ್ ಬರೋದು ಸಾಲದಿಂದ, ಜಗಳದಿಂದ, ರಜೆ ಕೊಡದ ಕೆಲಸದಿಂದ. 'ಟೆನ್ಷನ್ ಮಾಡ್ಕೋಬೇಡ' ಅನ್ನೋ ಗಂಡ ಪಾತ್ರೆ ತೊಳೆದರೆ, ರಾತ್ರಿ ಅವಳಿಗೆ ನಿದ್ದೆ ಬಿಟ್ಟರೆ, ಅರ್ಧ ಕೆಲಸ ಆದಂತೆ.

ನಿದ್ದೆ ಬರ್ತಿಲ್ಲ, ಅಳು ನಿಲ್ತಿಲ್ಲ ಅಂದ್ರೆ ಚೆಕಪ್‌ಗೆ ಹೋದಾಗ ಡಾಕ್ಟರಿಗೆ ಹೇಳಿ. ಟೆಲಿಮನಸ್ ಸಹಾಯವಾಣಿ 14416ಕ್ಕೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಹಾಗೆಯೇ, ಮಗು ಉಸಿರೆಳೆಯುವಾಗ ಪಕ್ಕೆ ಒಳಕ್ಕೆ ಹೋಗ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.