ನಾರು ಬೆರೆತ ಜೈವಿಕ ಪ್ಲಾಸ್ಟಿಕ್

ಹಳ್ಳಿಗಳಲ್ಲಿ ಗೋಡೆಗೆ ಮಣ್ಣು ಕಲಸುವಾಗ ಹುಲ್ಲಿನ ಚೂರು ಸೇರಿಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬರಿಯ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ. ಹುಲ್ಲು ಅದನ್ನು ಹಿಡಿದಿಡುತ್ತದೆ. ಜೈವಿಕ ಪ್ಲಾಸ್ಟಿಕ್ಕಿಗೆ ಸಸ್ಯದ ನಾರು ಬೆರೆಸುವುದೂ ಇದೇ ಕಾರಣಕ್ಕೆ.

ಜೈವಿಕ ಪ್ಲಾಸ್ಟಿಕ್ ತೀರ ಹೊಸದೇನಲ್ಲ. ನಮ್ಮ ದೇಹ ಕೊಬ್ಬನ್ನು ಕೂಡಿಡುವಂತೆ ಒಂದು ಬಗೆಯ ಬ್ಯಾಕ್ಟೀರಿಯಾ ಪಿ.ಎಚ್.ಬಿ. ಎಂಬ ಪಾಲಿಮರನ್ನು ಕೂಡಿಡುತ್ತದೆಂದು ಫ್ರಾನ್ಸಿನ ಮಾರಿಸ್ ಲೆಮ್ವಾನ್ 1926ರಲ್ಲೇ ಗುರುತಿಸಿದರು. ಇಂದು ಪೊಟ್ಟಣ, ಲೋಟಗಳಲ್ಲಿ ಹೆಚ್ಚು ಕಾಣುವುದು ಪಿ.ಎಲ್.ಎ., ಅಂದರೆ ಪಾಲಿಲ್ಯಾಕ್ಟಿಕ್ ಆಮ್ಲ. ಮುಸುಕಿನ ಜೋಳದ ಪಿಷ್ಟದಿಂದ ಪಡೆದ ಸಕ್ಕರೆಯನ್ನೋ ಕಬ್ಬಿನ ಸಕ್ಕರೆಯನ್ನೋ ಹುದುಗಿಸಿದಾಗ ಲ್ಯಾಕ್ಟಿಕ್ ಆಮ್ಲ ದೊರೆಯುತ್ತದೆ (ಮೊಸರಿನ ಹುಳಿಯೂ ಇದರದೇ!). ಇದರ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಪಿ.ಎಲ್.ಎ. ಎರಡೂ ಪೆಡಸು, ಬೆಲೆಯೂ ಹೆಚ್ಚು. ಸೆಣಬು, ಕತ್ತಾಳೆ ಅಥವಾ ಬಾಳೆಯ ನಾರು ಸೇರಿದರೆ ಬಿಗಿ ಬರುತ್ತದೆ, ದುಬಾರಿ ಪ್ಲಾಸ್ಟಿಕ್ಕಿನ ಪಾಲು ತಗ್ಗುತ್ತದೆ.

ಆದರೆ ನಾರಿಗೂ ಪ್ಲಾಸ್ಟಿಕ್ಕಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾರಿನ ಸೆಲ್ಯುಲೋಸ್ ನೀರು ಹೀರುತ್ತದೆ. ಪ್ಲಾಸ್ಟಿಕ್ಕಿಗೆ ನೀರು ಸೇರದು. ಎರಡೂ ಬಿಗಿಯಾಗಿ ಅಂಟದಿದ್ದರೆ, ಎಳೆದಾಗ ನಾರು ಜಾರಿ ಹೊರಬರುತ್ತದೆ. ಆದ್ದರಿಂದ ನಾರನ್ನು ಮೊದಲು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುತ್ತಾರೆ. ಮೇಣ ಮೊದಲಾದವು ಹೋಗಿ ಅದರ ಮೈ ತರಿತರಿಯಾಗುತ್ತದೆ. ಬೆರೆಸುವಾಗಲೂ ಎಚ್ಚರ ಬೇಕು. ಪಿ.ಎಲ್.ಎ. ಕರಗುವುದು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ. 200 ದಾಟಿದರೆ ನಾರು ಕಂದತೊಡಗುತ್ತದೆ.

ಇನ್ನು ಮುಖ್ಯ ಪ್ರಶ್ನೆ: ಇದು ಮಣ್ಣಿನಲ್ಲಿ ಕೊಳೆಯುತ್ತದೆಯೇ? ಪಿ.ಎಲ್.ಎ. ಸರಪಳಿಯನ್ನು ಮೊದಲು ನೀರು ತುಂಡರಿಸಬೇಕು. ಆಮೇಲಷ್ಟೇ ಸೂಕ್ಷ್ಮಜೀವಿಗಳು ಅದನ್ನು ತಿನ್ನಬಲ್ಲವು. ಇದು ಬೇಗ ನಡೆಯಲು ತೇವದ ಜೊತೆಗೆ 58 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಅಂಥ ಬಿಸಿ ವಾರಗಟ್ಟಲೆ ನಿಲ್ಲುವುದು ದೊಡ್ಡ ಕಾಂಪೋಸ್ಟ್ ಘಟಕಗಳಲ್ಲಿ. ಚರಂಡಿಗೆ ಬಿದ್ದ ಪಿ.ಎಲ್.ಎ. ಲೋಟ ವರ್ಷಗಟ್ಟಲೆ ಹಾಗೆಯೇ ಇರಬಲ್ಲದು. ಪಿ.ಎಚ್.ಬಿ. ವಿಷಯ ಬೇರೆ, ಅದನ್ನು ತಿನ್ನಬಲ್ಲ ಜೀವಿಗಳು ಸಾಮಾನ್ಯ ಮಣ್ಣಿನಲ್ಲೂ ಸಮುದ್ರದಲ್ಲೂ ಇವೆ.

ನಾರು ನೀರನ್ನು ಒಳಗೆಳೆದು ಕೊಳೆಯಲು ನೆರವಾಗುತ್ತದೆ, ನಿಜ. ಆದರೆ ಅಂಗಡಿಯಲ್ಲಿರುವಾಗಲೇ ಪೊಟ್ಟಣ ತೇವ ಎಳೆದುಕೊಂಡು ಚಕ್ಕುಲಿ ಮೆತ್ತಗಾದರೆ ಕೊಂಡವರು ಸುಮ್ಮನಿರುವರೇ? ಸಂಶೋಧಕರು ಇಂದಿಗೂ ಹೆಣಗುತ್ತಿರುವುದು ಇಲ್ಲಿಯೇ.

2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ. ಕಾಂಪೋಸ್ಟ್ ಆಗಬಲ್ಲ ಪ್ಲಾಸ್ಟಿಕ್ಕಿಗೆ ವಿನಾಯಿತಿ ಉಂಟು. ಆದರೆ ಬಳಸಿದ ತಟ್ಟೆಯನ್ನು ಬೇರೆಯಾಗಿ ಕೂಡಿಸಿ ಕಾಂಪೋಸ್ಟ್ ಘಟಕಕ್ಕೆ ಒಯ್ಯುವವರು ಯಾರು?