ಹತ್ತು ಸೆಂಟಿಮೀಟರಿನ ಭಯ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವ ಓದುಗರೊಬ್ಬರು ಕೇಳಿದ್ದಾರೆ: "ಮಗಳು ಜಿಮ್ನಾಸ್ಟಿಕ್ಸ್ ಕಲೀಲಕತ್ತಾಳ್ರಿ. ನೆಲದ ಮ್ಯಾಲ ಗೆರಿ ಎಳದು ಕೊಟ್ರ ಹಿಂದಕ್ಕ ಬಾಗಿ, ಕೈ ಊರಿ, ಕಾಲು ತಿರುವಿ ಗೆರಿ ಮ್ಯಾಲೇ ನಿಲ್ತಾಳ. ಬೀಮ್ ಹತ್ತಿದ್ರ ಕಾಲೇ ಏಳಂಗಿಲ್ಲ. ಧೈರ್ಯ ಬರಬೇಕಂದ್ರ ಏನ್ ಮಾಡಬೇಕ್ರಿ?"

ಮೊದಲು ಧೈರ್ಯ, ಆಮೇಲೆ ಕಸರತ್ತು ಎಂಬ ನಂಬಿಕೆ ಈ ಪ್ರಶ್ನೆಯೊಳಗೇ ಕೂತಿದೆ. ವ್ಯಕ್ತಿತ್ವ ವಿಕಸನದ ಶಿಬಿರಗಳು ನಡೆಯುವುದೂ ಇದೇ ನಂಬಿಕೆಯ ಮೇಲೆ. ನನಗೆ ಅದರಲ್ಲಿ ಅಷ್ಟು ಭರವಸೆಯಿಲ್ಲ.

ಸ್ಪರ್ಧೆಯ ಬೀಮ್ ಎಂಬ ತೊಲೆ 5 ಮೀಟರ್ ಉದ್ದ, 10 ಸೆಂ.ಮೀ. ಅಗಲ, ನೆಲದಿಂದ 125 ಸೆಂ.ಮೀ. ಎತ್ತರ. ಗೆರೆಯನ್ನೂ ಅಷ್ಟೇ ಅಗಲಕ್ಕೆ ಎಳೆದರೆ ಉಳಿಯುವ ವ್ಯತ್ಯಾಸ ಎತ್ತರ ಮಾತ್ರ. ಬರೀ ಎತ್ತರ ಮೈಗೆ ಏನು ಮಾಡುತ್ತದೆ ಎಂಬುದನ್ನು ಕೆನಡಾದಲ್ಲಿ ಸಂಶೋಧಕರಾದ ಆ್ಯಡ್ಕಿನ್, ಫ್ರಾಂಕ್, ಕಾರ್ಪೆಂಟರ್ ಮತ್ತು ಸಂಗಡಿಗರು 2000ದ ಸುಮಾರಿಗೆ ಅಳೆದು ನೋಡಿದರು. ಆರೋಗ್ಯವಂತರನ್ನು 40, 100, 160 ಸೆಂ.ಮೀ. ಎತ್ತರದ ವೇದಿಕೆಯ ಅಂಚಿನಲ್ಲಿ ಸುಮ್ಮನೆ ನಿಲ್ಲಿಸಿದರು. ನಾವು ನೆಟ್ಟಗೆ ನಿಂತಿದ್ದೇವೆ ಅಂದುಕೊಂಡಾಗಲೂ ಮೈ ಸಣ್ಣಗೆ ತೂಗುತ್ತಲೇ ಇರುತ್ತದೆ. ವೇದಿಕೆ ಏರಿದಂತೆ ಆ ತೂಗಾಟ ಚಿಕ್ಕದಾಯಿತು, ಆದರೆ ಚುರುಕಾಯಿತು. ಕಣಕಾಲು ಬಿಗಿಯಾಯಿತು, ಮೈಭಾರ ಅಂಚಿನಿಂದ ಹಿಂದಕ್ಕೆ ಸರಿಯಿತು. ಕದಲದೆ ನಿಲ್ಲುವುದಷ್ಟೇ ಕೆಲಸವಾಗಿದ್ದರೆ ಈ ಬಿಗಿತ ಒಳ್ಳೆಯ ಕಾವಲುಗಾರ. ಬಿಲ್ಲಿನಂತೆ ಬೆನ್ನು ಬಗ್ಗಿಸಿ ಹಿಂದಕ್ಕೆ ಹೋಗಬೇಕಾದ ಹುಡುಗಿಗೆ ಅದೇ ಸಂಕೋಲೆ. ಬೀಳುತ್ತೇನೆಂಬ ಅಂಜಿಕೆಯಿಂದ ಮೈ ಬಿಗಿಯುತ್ತದೆ. ಮೈ ಬಿಗಿದದ್ದರಿಂದಲೇ ಬೀಳುವ ಸಾಧ್ಯತೆ ಹೆಚ್ಚುತ್ತದೆ.

ಪ್ರಶ್ನೆ ಕೇಳಿದವರು ಗಂಜ್‌ನವರೇ ಆದ್ದರಿಂದ ಅಲ್ಲಿಯದೇ ಒಂದು ನೋಟ ಹೇಳುತ್ತೇನೆ. ಲಾರಿಗೆ ಹಲಗೆ ಆನಿಸಿ ತೊಗರಿ ಚೀಲ ಏರಿಸುವ ಹಮಾಲರನ್ನು ಗಮನಿಸಿ. ಹಲಗೆ ಹೆಜ್ಜೆಹೆಜ್ಜೆಗೂ ಬಾಗಿ ಪುಟಿಯುತ್ತದೆ. ಹಮಾಲ ಆ ಪುಟಿತದ ಲಯ ಹಿಡಿದು ಗಿಡ್ಡ ಹೆಜ್ಜೆ ಹಾಕುತ್ತ ಬಿರುಸಾಗಿ ಏರಿಬಿಡುತ್ತಾನೆ. ನಡುದಾರಿಯಲ್ಲಿ ತಡೆದು, 'ಯಣ್ಣಾ, ಈಗ ಯಾವ ಕಾಲು ಎತ್ತತೀ?' ಎಂದು ಕೇಳಿದರೆ ಮುಗಿಯಿತು, ಚೀಲ ಓಲಾಡುತ್ತದೆ. ಕಾಲಿಗೆ ಗೊತ್ತಿದ್ದ ಕೆಲಸದಲ್ಲಿ ತಲೆ ಕೈಹಾಕಿತು. ರಿಚ್ ಮಾಸ್ಟರ್ಸ್ ಎಂಬ ವಿಜ್ಞಾನಿ 1992ರಲ್ಲಿ ಇದನ್ನೇ ಗಾಲ್ಫ್ ಚೆಂಡಿನಿಂದ ತೋರಿಸಿದರು. ಹೊಸಬರ ಒಂದು ಗುಂಪಿಗೆ ಚೆಂಡು ತಳ್ಳುವ ನಿಯಮಗಳನ್ನೆಲ್ಲ ಬಿಡಿಸಿ ಹೇಳಿಕೊಟ್ಟರು. ಇನ್ನೊಂದು ಗುಂಪಿನವರು ಬಾಯಲ್ಲಿ ಅಡ್ಡಾದಿಡ್ಡಿ ಅಕ್ಷರ ಹೇಳುತ್ತ, ನಿಯಮದ ಕಡೆ ತಲೆ ಹೋಗದಂತೆ ಕಲಿತರು. ಒತ್ತಡ ಹೇರಿದಾಗ ತತ್ತರಿಸಿದವರು ನಿಯಮ ಬಲ್ಲವರು. ಹಾಗಾಗಿ ಬೀಮ್ ಮೇಲೆ ಹೆದರಿ ನಿಂತ ಮಗುವಿಗೆ ಕೆಳಗಿನಿಂದ 'ಮೊಣಕೈ ನೆಟ್ಟಗೆ, ಸೊಂಟ ಮುಂದೆ, ಹೆಬ್ಬೆರಳು ಇಲ್ಲಿ' ಎಂದು ಕೂಗುವುದು ಉಪಕಾರವಲ್ಲ.

ಧೈರ್ಯದ ವಿಚಾರದಲ್ಲಿ ನನಗೆ ಬಹಳ ಇಷ್ಟವಾದ ಪ್ರಯೋಗ ಕ್ರೀಡಾ ಮನೋವಿಜ್ಞಾನಿ ಡೆಬೊರಾ ಫೆಲ್ಟ್ಸ್ ಅವರದು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ 'ನನ್ನಿಂದ ಆಗುತ್ತದೆ' ಎಂಬ ನಂಬಿಕೆಯೇ ಮನುಷ್ಯನ ನಡೆಯನ್ನು ನಿರ್ಧರಿಸುತ್ತದೆ ಎಂಬ ಸಿದ್ಧಾಂತ ಮಂಡಿಸಿದ್ದರು. ಫೆಲ್ಟ್ಸ್ ಅದನ್ನು ಈಜುಕೊಳದ ದಡಕ್ಕೆ ತಂದರು. ಕಾಲೇಜು ಹುಡುಗಿಯರಿಗೆ ಬೆನ್ನು ಹಿಂದಾಗಿ ನೀರಿಗೆ ಹಾರಲು ಹೇಳಿದರು. ಬೀಮ್‌ನಂತೆಯೇ ಇಲ್ಲೂ ಎಲ್ಲಿಗೆ ಹೋಗುತ್ತಿದ್ದೇವೆಂದು ಮೊದಲಿಗೆ ಕಣ್ಣಿಗೆ ಕಾಣದು. 1982ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಜಿಗಿತದ ಮಟ್ಟಿಗೆ ಬಂಡೂರಾ ಗೆದ್ದರು: ನಂಬಿಕೆ ಇದ್ದವರು ಹಾರಿದರು. ಎರಡನೆಯ ಜಿಗಿತದಿಂದ ಲೆಕ್ಕ ಬದಲಾಯಿತು. ಹಿಂದಿನ ಸಲ ಹೇಗೆ ಹಾರಿದ್ದರೋ ಅದೇ ಮುಂದಿನ ಜಿಗಿತವನ್ನು ಹೆಚ್ಚಾಗಿ ನಿರ್ಧರಿಸತೊಡಗಿತು. ಬಂಡೂರಾ ಕೂಡ ಈ ನಂಬಿಕೆಯ ಬೇರುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮಾಡಿ ಗೆದ್ದ ಅನುಭವ, ಹುರಿದುಂಬಿಸುವ ಮಾತು ಅದರ ಮುಂದೆ ದುರ್ಬಲ ಎಂದೇ ಬರೆದಿದ್ದರು. ಅವರ ಹೆಸರು ಹೇಳುವ ಶಿಬಿರಗಳು ಈ ಭಾಗವನ್ನು ಮಾತ್ರ ಸಲೀಸಾಗಿ ಹಾರಿಬಿಡುತ್ತವೆ.

ಸಣ್ಣ ಸಣ್ಣ ಗೆಲುವಿನಿಂದ ಧೈರ್ಯ ಬೆಳೆಸುವುದನ್ನು ಕಲಿಯಲು ಅನುಭವಿ ಕೋಚ್‌ಗಳು ಪ್ರಯೋಗಾಲಯಕ್ಕೆ ಕಾದು ಕೂತಿರಲಿಲ್ಲ. ಗೆರೆ, ನೆಲಕ್ಕಂಟಿದ ಬೀಮ್, ಗಿಡ್ಡ ಬೀಮ್, ಆಮೇಲೆ ಎರಡೂ ಬದಿಗೆ ಮ್ಯಾಟ್ ಪೇರಿಸಿದ ಎತ್ತರದ ಬೀಮ್. ಕೊನೆಗೆ ಒಂದೊಂದೇ ಮ್ಯಾಟ್ ತೆಗೆಯುವುದು.

ಹೀಗೆ ಮೆಟ್ಟಿಲು ಹತ್ತಿಸುವಂತೆ, ಬೇಕಾದಾಗ ಒಂದು ಮೆಟ್ಟಿಲು ಇಳಿಯುವುದೂ ಈ ವಿದ್ಯೆಯ ಭಾಗವೇ. 2021ರ ಜುಲೈ 27ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್‌ನಲ್ಲಿ ಎರಡೂವರೆ ತಿರುವಿನ ಬದಲು ಒಂದೂವರೆಗೇ ಇಳಿದು ತಂಡ ಸ್ಪರ್ಧೆಯಿಂದ ಹಿಂದೆ ಸರಿದರು. ಗಾಳಿಯಲ್ಲಿ ತಾನೆಲ್ಲಿದ್ದೇನೆ ಎಂಬ ಅರಿವೇ ಕೈಕೊಟ್ಟಿತ್ತು. ಬರೀ ಅಂಜಿಕೆಗಿಂತ ಇದು ಬೇರೆ. ಆಗಸ್ಟ್ 3ರಂದು ಬೀಮ್‌ಗೆ ಮರಳಿದಾಗ ಇಳಿಯುವ ಪಲ್ಟಿಯಿಂದ ತಿರುವನ್ನೇ ತೆಗೆದುಹಾಕಿದ್ದರು. ಕಂಚು ಸಿಕ್ಕಿತು.

ಗೆದ್ದ ಭಯ ಪೂರ್ತಿ ಅಳಿಯುವುದೂ ಇಲ್ಲ. ಆರಿಹೋದ ಕಲಿಕೆ ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೊವ್ ನಾಯಿಗಳಲ್ಲಿ ಕಂಡಿದ್ದರು. ಮನೋವಿಜ್ಞಾನಿ ಮಾರ್ಕ್ ಬೌಟನ್ ಇಲಿಗಳಲ್ಲಿ ಇನ್ನೊಂದನ್ನು ತೋರಿಸಿದರು: ಒಂದು ಗೂಡಿನಲ್ಲಿ ಮರೆತ ಭಯ ಗೂಡು ಬದಲಿಸಿದ ಕೂಡಲೇ ಮರಳುತ್ತದೆ. ಹೊಸ ಕಲಿಕೆ ಹಳೆಯದನ್ನು ಅಳಿಸದೆ ಅದರ ಮೇಲೆ ಕೂರುತ್ತದೆ, ಅದೂ ಕಲಿತ ಜಾಗಕ್ಕೆ ಅಂಟಿಕೊಂಡು. ಊರಿನ ಹಾಲ್‌ನಲ್ಲಿ ಸಲೀಸಾಗಿ ಆಗುತ್ತಿದ್ದದ್ದು ಪರವೂರಿನ ಸ್ಪರ್ಧೆಯಲ್ಲಿ ಕೈಕೊಟ್ಟರೆ ಬೈಯುವ ಮುಂಚೆ ಆ ಇಲಿಗಳನ್ನು ನೆನೆಯಬೇಕು. ಅಭ್ಯಾಸದಲ್ಲೇ ಬೀಮ್ ಇಟ್ಟ ದಿಕ್ಕು ಬದಲಿಸಿ, ಬೇರೆ ಹಾಲ್‌ಗೆ ಕರೆದೊಯ್ದು, ಸುತ್ತ ನಾಲ್ಕು ಜನ ಗದ್ದಲ ಮಾಡುವಾಗಲೂ ಮಾಡಿಸಿದರೆ ಹೊಸ ಜಾಗದ ಹೊಡೆತ ಕಡಿಮೆಯಾಗುತ್ತದೆ.